ಮೂರನೆಯ ಕೈ

ಎಂಟನೆಯ ಸಲವೂ ಏಳೇ ಬಂತು.

ಸಪನಾ ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಪರದೆಯ ಮೇಲಿನ ಅಂಕಿಯನ್ನು ಗುರುತಿಲ್ಲದ ನೆಂಟರನ್ನು ನೋಡಿದಂತೆ ನೋಡಿದಳು. ಹನ್ನೆರಡು ಮನೆಗಳಿಂದ, ಮನೆಗೆ ಹದಿನೈದರಂತೆ, ನೂರಾ ಎಂಬತ್ತು ಕಿವಿಗಳನ್ನು ಅವಳೇ ಅಥಣಿಯ ತನ್ನ ಓಣಿಯಲ್ಲಿ ತಿರುಗಿ ಕೂಡಿಸಿ ತಂದಿದ್ದಳು. ಕಿವಿ ಎಂದರೆ ಚಪ್ಪಲಿಯ ಕಿವಿ. ಅಂಗಾಲಿನ ಎರಡೂ ಬದಿಗೆ ಎಲೆಯ ಹಾಗೆ ಚಾಚಿಕೊಂಡು ಮೇಲಿನ ಪಟ್ಟಿಯನ್ನು ಹಿಡಿದು ನಿಲ್ಲಿಸುವ ತೆಳು ತೊಗಲಿನ ತುಂಡು. ಅದನ್ನು ಯಾರೂ ಅಚ್ಚಿಟ್ಟು ಕೊಯ್ಯುವುದಿಲ್ಲ, ಕಣ್ಣಳತೆಯ ಮೇಲೆಯೇ ಕೊಯ್ಯುತ್ತಾರೆ. ಹಾಗಾಗಿ ಒಂದೊಂದು ಕೈಯ ಕಿವಿ ಒಂದೊಂದು ಥರ. ಆಕಾರ ನೋಡಿ ಇದು ಯಾವ ಕೈಯದು ಎಂದು ಕಂಪ್ಯೂಟರು ಹೇಳಬೇಕು. ಎಂ.ಟೆಕ್ ಪದವಿಗೆ ಅವಳು ಹಿಡಿದ ಕೆಲಸ ಅದು. ಹನ್ನೆರಡು ಮನೆ, ಹನ್ನೆರಡು ಕೈ. ಕಂಪ್ಯೂಟರು ಮಾತ್ರ ಏಳೇ ಕೈ ಎಂದು ಹಟ ಹಿಡಿದಿತ್ತು. ಆರು ಮನೆಗಳ ತೊಂಬತ್ತು ಕಿವಿಗಳನ್ನು ಒಂದೇ ರಾಶಿಗೆ ಸುರಿದು ಅದಕ್ಕೆ ‘ಕೈ 3’ ಎಂದು ಹೆಸರಿಟ್ಟಿತ್ತು. ಆ ಆರರಲ್ಲಿ ಒಂದು ಮನೆ ಅವಳದೇ.

ಲೆಕ್ಕದ ಬುಡದಲ್ಲಿ ಇದ್ದದ್ದು ಹಕ್ಕಿಗಳ ಹಿಂಡು. ನಿಜವಾದ ಹಕ್ಕಿಯಲ್ಲ, ಅಂಕಿಯ ಹಕ್ಕಿ. ಒಂದು ಹಿಂಡನ್ನು ಆಕಾರದ ಮೇಲೆ ಹಾರಿಬಿಟ್ಟರೆ ಪ್ರತಿ ಹಕ್ಕಿಯೂ ಸರಿಹೊಂದುವ ಜಾಗ ಹುಡುಕುತ್ತದೆ. ತಾನು ಕಂಡ ಒಳ್ಳೆಯ ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ. ಹಿಂಡಿನಲ್ಲಿ ಯಾರಿಗೆ ಎಲ್ಲರಿಗಿಂತ ಒಳ್ಳೆಯದು ಸಿಕ್ಕಿದೆ ಎಂದು ಓರೆಗಣ್ಣಿನಲ್ಲಿ ನೋಡುತ್ತ ಅತ್ತ ವಾಲುತ್ತದೆ. ಸಪನಾ ಇಂಥ ಎಂಟು ಹಿಂಡುಗಳನ್ನು ಲ್ಯಾಬಿನ ಎಂಟು ಕಂಪ್ಯೂಟರುಗಳಲ್ಲಿ ಒಟ್ಟಿಗೇ ಬಿಟ್ಟಿದ್ದಳು. ಆಗೊಮ್ಮೆ ಈಗೊಮ್ಮೆ ಹಿಂಡಿನಿಂದ ಹಿಂಡಿಗೆ ಸುದ್ದಿ ಹೋಗುತ್ತಿತ್ತು.

“ಮತ್ತ ಏಳ?” ಹಿಂದಿನಿಂದ ಬಾಳಾಸಾಬ ಸರ್ ಬಂದರು. ಅವಳ ಗೈಡು.

“ಹೌದ್ರಿ ಸರ್.”

“ಹಿಂಡೆಲ್ಲಾ ಒಂದ ಗಿಡದ ಮ್ಯಾಲ ಕುಂತಾವ. ಒಂದ ಹಕ್ಕಿ ‘ಇಲ್ಲಿ ಹಣ್ಣೈತಿ’ ಅಂದ ಕೂಡ್ಲೇ ಉಳದಾವೆಲ್ಲಾ ಹೋಗಿ ಅಲ್ಲೇ ಬಿದ್ದಾವ. ಬ್ಯಾರೆ ಗಿಡ ನೋಡೇ ಇಲ್ಲ. ನಿನ್ನ ಚೂಕ ಅಲ್ಲೈತಿ.”

“ಎಂಟ ಹಿಂಡ ಎಂಟ ಕಡಿಂದ ಬಿಟ್ಟೇನ್ರಿ. ಎಂಟೂ ಅಲ್ಲೇ ಬಂದ ಕುಂದರತಾವ.”

“ಹಂಗಾದ್ರ ಚೀಟಿ ಅದಲಬದಲ ಆಗ್ಯಾವ. ಒಂದ ಮನಿ ಮಾಲಿಗೆ ಇನ್ನೊಂದ ಮನಿ ಹೆಸರ ಬರದಿ.”

ಅವಳಿಗೆ ಚುರುಕ್ಕೆಂದಿತು. ಒಂದೊಂದು ಪುಡಿಕೆಯ ಮೇಲೂ ಹೆಸರು, ಒಂದೊಂದು ತುಂಡಿನ ಬೆನ್ನಿಗೂ ಕೊಯ್ದ ತಾರೀಖು ಬರೆದವಳು ಅವಳೇ. ಹುಟ್ಟಿ ಬೆಳೆದ ಓಣಿ. ಅಲ್ಲಿ ಯಾರ ಮನೆಯ ನಾಯಿ ಯಾವುದು ಎಂಬುದೂ ಅವಳಿಗೆ ಗೊತ್ತು.

“ಗುರುವಾರ ಬೆಂಗಳೂರಿನ ಆಫೀಸರ್ ಮಂದಿ ಅಥಣಿಗೆ ಬರ್ತಾರ, ನೆನಪೈತಿಲ್ಲೋ?” ಸರ್ ಕೈಗಡಿಯಾರ ನೋಡಿದರು. “ಅವ್ರದು ನಿಪ್ಪಾಣಿಯೊಳಗ ಚಪ್ಪಲಿ ಡಿಸೈನ್ ಸೆಂಟರ್ ಆದ್ರ ಕಿವಿ ಕೊಯ್ಯೂದ ಕಲಸಾಕ ಒಬ್ಬ ಮಾಸ್ಟರ್ ಬೇಕ. ನಿಮ್ಮಪ್ಪಂದ ಹೆಸರ ಕಳಿಸೇನಿ. ಸೋಮವಾರ ಸಂಜಿ ಐದಕ್ಕ ನಿನ್ನ ರಿಪೋರ್ಟ್ ಹೋಗಬೇಕ. ಅದರಾಗ ‘ಕೈ 3 ಆರ ಮಂದೀದು’ ಅಂತ ಇದ್ರ ನಾನೂ ನಗಿಪಾಟಲ, ನಿಮ್ಮಪ್ಪನೂ ನಗಿಪಾಟಲ.”

ಅವರು ಹೋದ ಮೇಲೆ ಅಟೆಂಡರ್ ಗೌಸಸಾಬ ಅರಿವೆ ಹಿಡಿದು ಬಂದ. ಸ್ಕ್ಯಾನರಿನ ಗಾಜು ಒರೆಸುವುದು ಅವನ ಪಾಲಿಗೆ ಬಂದ ಕೆಲಸ. ಮೊದಲ ತಿಂಗಳು ವಿಭಾಗದ ಮುಖ್ಯಸ್ಥರು ತೊಗಲನ್ನು ನೇರವಾಗಿ ಗಾಜಿನ ಮೇಲೆ ಇಡಬಾರದು ಎಂದಿದ್ದರು. ಆಯುಧಪೂಜೆಗೆ ಕುಂಕುಮ ಹಚ್ಚಿ ಹಾರ ಹಾಕುವ ಸಾಮಾನಂತೆ ಅದು. ನಡುವೆ ಪ್ಲಾಸ್ಟಿಕ್ ಹಾಸಿ ಸ್ಕ್ಯಾನ್ ಮಾಡಿದರೆ ಅಂಚು ಮಬ್ಬಾಗಿ ಬಂದು ತಿಂಗಳ ಕೆಲಸ ನೀರುಪಾಲಾಗಿತ್ತು. ಆ ಮಾತು ಹೇಳುವಾಗ ಮುಖ್ಯಸ್ಥರ ಕಾಲಲ್ಲಿದ್ದದ್ದು ಅಥಣಿಯ ಚಪ್ಪಲಿಯೇ. ಕಾಲಿಗೆ ಆಗುತ್ತದೆ, ಗಾಜಿಗೆ ಆಗುವುದಿಲ್ಲ. ಕೊನೆಗೆ ಗೌಸಸಾಬನೇ ಪ್ಲಾಸ್ಟಿಕ್ ಕಿತ್ತೆಸೆದು, “ಇಡ ಬೇಟಿ. ಗಾಜ ಒರಸಾಂವ ನಾ. ಕೇಳಿದ್ರ ನನ್ನ ಕೇಳ್ಲಿ” ಎಂದಿದ್ದ.

“ಇವತ್ತೂ ಏಳ?” ಅವನು ಕೇಳಿದ.

“ಹೂಂ ಚಾಚಾ.”

“ನನ್ನ ಮಾತ ಕೇಳ. ಈ ಮಶೀನಿಗಿ ಏಳರ ಮುಂದ ಎಣಸಾಕ ಬರೂದಿಲ್ಲ. ಸಾಲಿ ಬಿಡಿಸ್ಯಾರ ಅದಕ್ಕ.”

ಅವಳಿಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಕಂಪ್ಯೂಟರು ತಪ್ಪೋ, ತಾನು ತಪ್ಪೋ, ಓಣಿಯೇ ತಪ್ಪೋ, ಏನೂ ತಿಳಿಯಲೊಲ್ಲದು.

ಶನಿವಾರ ಕಾಲೇಜಿದ್ದ ಚಿಕ್ಕೋಡಿಯಲ್ಲಿ ಬಸ್ಸು ಹತ್ತಿ, ರಾಯಬಾಗ, ಕುಡಚಿ ದಾಟಿ ಅಥಣಿ ಮುಟ್ಟುವ ಹೊತ್ತಿಗೆ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು. ಆ ಆರೂ ಮನೆಗಳಲ್ಲಿ ತನ್ನ ಕಣ್ಣೆದುರಿಗೇ ಒಂದೊಂದು ಕಿವಿ ಕೊಯ್ಯಿಸಬೇಕು. ಆಗ ಚೀಟಿ ತಪ್ಪುವ ಮಾತೇ ಇಲ್ಲ.

ಮೊದಲು ಸತ್ತೆವ್ವನ ಮನೆ. ಪುಡಿಕೆಯ ಮೇಲಿನ ಹೆಸರು ಅಣ್ಣಾಸಾಬ, ಸತ್ತೆವ್ವನ ಗಂಡ. ಅವನು ಸತ್ತು ಮೂರು ವರ್ಷ. ಆದರೆ ಸರ್ಕಾರ ಕೊಟ್ಟ ಕುಶಲಕರ್ಮಿ ಕಾರ್ಡು ಅವನ ಹೆಸರಿನಲ್ಲೇ ಇತ್ತು. ಆ ಕಾರ್ಡು ತೋರಿಸಿದರೆ ಸೊಸೈಟಿಯಲ್ಲಿ ಅರ್ಧ ಬೆಲೆಗೆ ತೊಗಲು. ಓಣಿಯಲ್ಲಿ ಮನೆಗೆ ಗಂಡಸಿನ ಹೆಸರೇ ಹೆಸರು, ಅದು ಹೆಣದ ಜೊತೆ ಹೋಗುವುದಿಲ್ಲ. ಸಪನಾಳೂ ಅದೇ ರೂಢಿಯಂತೆ ಬರೆದುಕೊಂಡಿದ್ದಳು. ಈಗ ಕೊಯ್ಯುವವನು ಅಣ್ಣಾಸಾಬನ ತಮ್ಮ ಇರಬೇಕು ಎಂದು ಅವಳ ಅಂದಾಜು.

“ನಿಮ್ಮ ಮೈದುನ ಎಲ್ಲಿ ಚಿಗವ್ವಾ? ಒಂದ ಕಿವಿ ಕೊಯ್ಸಬೇಕಿತ್ತು.”

ಸತ್ತೆವ್ವ ಹೆಣೆಯುತ್ತಿದ್ದ ತೊಗಲಿನ ಜಡೆಯಿಂದ ಕಣ್ಣೆತ್ತಲಿಲ್ಲ. “ಅಂವಾ ಕಾಗವಾಡಕ್ಕ ದ್ರಾಕ್ಷಿ ಕೆಲಸಕ್ಕ ಹೋಗ್ಯಾನ. ನಾಳೆ ಬರ್ತಾನ. ನಾಳೆ ಅಲ್ಲ, ನಾಡದ. ನಿನಗ ಚಾ ಮಾಡ್ಲೇನ?”

ಲಕ್ಕವ್ವನ ಮನೆಯಲ್ಲಿ ಗಂಡ ತಾತ್ಯಾಸಾಹೇಬ ಮಿರಜದಲ್ಲಿ ರಿಕ್ಷಾ ಓಡಿಸುತ್ತಿದ್ದ. “ಐತವಾರಕ್ಕೊಮ್ಮೆ ಬಂದ ಕೊಯ್ದ ಇಟ್ಟ ಹೋಗತಾನವಾ” ಎಂದಳು ಲಕ್ಕವ್ವ. “ಈ ಐತವಾರ ಬರೂದಿಲ್ಲ. ಮುಂದಿನ ಐತವಾರದ್ದೂ ಗ್ಯಾರಂಟಿ ಇಲ್ಲ.” ಉಳಿದ ಮೂರು ಮನೆಗಳಲ್ಲಿ ಒಬ್ಬನಿಗೆ ಜ್ವರ, ಒಬ್ಬನ ತೊಗಲು ಕೊಯ್ಯುವ ರಂಪಿಗಿ ಸಾಣೆಗೆ ಹೋಗಿದೆ, ಒಬ್ಬನ ಮನೆಯ ಬಾಗಿಲಿಗೆ ಚಿಲಕ. ಹೊರಗೆ ಬಂದರೆ ಹಿಂದೆ ಹೆಂಗಸರ ಪಿಸುಮಾತು, ಕಿಸಕ್ಕನೆ ನಗು. ತನ್ನದೇ ಓಣಿಯಲ್ಲಿ ತನಗೆ ಮಾತ್ರ ಗೊತ್ತಿಲ್ಲದ ಯಾವುದೋ ಆಟ ನಡೆದಂತಿತ್ತು.

ಕೊನೆಗೆ ಮನೆಗೆ ಬಂದು ಅಪ್ಪನ ಮುಂದೆ ಒಂದು ತುಂಡು ತೊಗಲು ಇಟ್ಟಳು.

ನಾಮದೇವ ಆ ಓಣಿಯ ದೊಡ್ಡ ಕೈ. ಮಿರಜ, ಕೊಲ್ಲಾಪುರದ ಅಂಗಡಿಯವರು ‘ನಾಮ್ಯಾನ ಕಿವಿ’ ಎಂದು ಕೇಳಿ ಒಯ್ಯುತ್ತಿದ್ದ ಕಾಲವೊಂದಿತ್ತು. ಅವನು ತೊಗಲನ್ನು ನೋಡಿದ, ಮಗಳನ್ನು ನೋಡಿದ, ಒಳಮನೆಯ ಬಾಗಿಲ ಕಡೆ ನೋಡಿದ.

“ಈಗ್ಯಾಕ? ಉಣ್ಣೂ ಹೊತ್ತಾತಲ್ಲ.”

“ಒಂದ ಕಿವಿ ಅಪ್ಪಾ. ಎರಡ ಮಿನಿಟಿನ ಕೆಲಸ.”

“ನಿನ್ನ ಕಂಪ್ಯೂಟರಿಗೆ ನನ್ನ ಮ್ಯಾಲ ಸಂಶೇ ಬಂದೈತೇನ?”

“ನನ್ನ ಮ್ಯಾಲ ಬಂದೈತಿ.”

ಅವನು ಅಗಲ ಬಾಯಿಯ ರಂಪಿಗಿಯನ್ನು ಎತ್ತಿಕೊಂಡ. ಹಿಡಿಕೆಯ ಸುತ್ತ ಬೆರಳುಗಳು ಒಂದೊಂದಾಗಿ, ಯಾರದೋ ಬೆರಳುಗಳಂತೆ ಮಡಚಿಕೊಂಡವು. ಮೂವತ್ತು ವರ್ಷ ತೊಗಲು ಹದ ಮಾಡುವ ಸುಣ್ಣದ ನೀರಿನಲ್ಲಿ, ಜಾಲಿಚಕ್ಕೆಯ ನೀರಿನಲ್ಲಿ ನೆಂದ ಬೆರಳು. ಅವನು ಕಾಲ್ಬೆರಳು ಬರುವ ಕಡೆಯಿಂದ ಅಲಗು ಇಳಿಸಿದ. ಅರ್ಧ ದಾರಿಯಲ್ಲಿ ಅಲಗು ಜಾರಿತು. ಮತ್ತೆ ಹಿಡಿದು ಎಳೆದ. ಹಿಮ್ಮಡಿಯ ಕಡೆ ಮುಗಿಸಿ, ಅಲ್ಲಿ ಮಣಿಕಟ್ಟನ್ನು ಸಣ್ಣಗೆ ತಿರುಗಿಸಿ ಬಿಡಿಸಿದ. ಕೈಗೆ ಬಂದದ್ದು ಇಲಿ ಕಡಿದ ಎಲೆಯಂತಿತ್ತು.

“ತೊಗಲ ಹದಾ ಆಗಿಲ್ಲ” ಎಂದು ಅದನ್ನು ಪಕ್ಕಕ್ಕೆ ಎಸೆದು ಎದ್ದ. “ಹಸೀ ತೊಗಲ ತಂದ ಇಟ್ರ ದೇವ್ರೂ ಕೊಯ್ಯಾಂಗಿಲ್ಲ.”

ಸಪನಾ ಆ ತುಂಡನ್ನು ಎತ್ತಿಕೊಂಡು ಅಂಗಳದ ಬಿಸಿಲಿಗೆ ಹಿಡಿದಳು. ತೊಗಲು ಚೆನ್ನಾಗಿಯೇ ಹದವಾಗಿತ್ತು. ಅವಳಿಗೆ ತಲೆ ಕೆಟ್ಟದ್ದು ಬೇರೆಯದಕ್ಕೆ. ಕೊಯ್ತ ಮುಗಿಯುವಲ್ಲಿ ಕೈ ತಿರುಗಿದ ಸಣ್ಣ ಕೊಕ್ಕು ಉಳಿಯುತ್ತದೆ. ಅಪ್ಪನ ಕೊಕ್ಕು ಹಿಮ್ಮಡಿಯ ಕಡೆ ಇತ್ತು. ಅಪ್ಪನ ಹೆಸರಿನಲ್ಲಿ ಅವಳು ಸ್ಕ್ಯಾನ್ ಮಾಡಿದ ಹದಿನೈದರಲ್ಲೂ, ‘ಕೈ 3’ರ ತೊಂಬತ್ತರಲ್ಲೂ, ಕೊಕ್ಕು ಇದ್ದದ್ದು ಕಾಲ್ಬೆರಳಿನ ಕಡೆ. ತಿಂಗಳಾನುಗಟ್ಟಲೆ ನೋಡಿ ಅದು ಅವಳಿಗೆ ಬಾಯಿಪಾಠವಾಗಿತ್ತು.

ಹಾಗಾದರೆ ಅಪ್ಪನ ಕಿವಿ ಅಪ್ಪನದಲ್ಲ. ಮತ್ತೆ ಯಾರದು?

ಐತವಾರ ಮಧ್ಯಾಹ್ನ ಉಂಡ ಮೇಲೆ ಓಣಿಯ ಗಂಡಸರು ಚಹಾದಂಗಡಿಯ ಕಡೆ ಹೋದರು. ನಾಮದೇವನೂ ಹೋದ. ಸಪನಾ ಹೊರಗಿನ ಕೋಣೆಯಲ್ಲಿ ಮಲಗಿದಂತೆ ಮಾಡಿ ಮಲಗಿದ್ದಳು. ಹಿತ್ತಲ ಬಾಗಿಲು ಸದ್ದಿಲ್ಲದೆ ತೆರೆಯಿತು. ಸತ್ತೆವ್ವ ಬಂದಳು, ಹಿಂದೆಯೇ ಲಕ್ಕವ್ವ. ಇಬ್ಬರ ಸೆರಗಿನ ಕೆಳಗೂ ಮಡಿಚಿದ ತೊಗಲು. ಒಳಮನೆಯ ಬಾಗಿಲು ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿಗೆ ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಸದ್ದು ಕೇಳಿಸಿತು. ಕಟ್ಟಿಗೆಯ ಮಣೆಯ ಮೇಲೆ ತೊಗಲು ಸೀಳುವ ಸದ್ದು. ಅಪ್ಪ ಮನೆಯಲ್ಲಿ ಇರಲಿಲ್ಲ.

ಅವಳು ಎದ್ದು ಹೋಗಿ ಬಾಗಿಲು ತಳ್ಳಿದಳು. ಅವ್ವ ಸುಂದ್ರವ್ವ ಮಣೆಯ ಮುಂದೆ ಕೂತಿದ್ದಳು. ರಂಪಿಗಿ ಅವಳ ಕೈಯಲ್ಲಿತ್ತು. ಅಲಗು ಹಿಮ್ಮಡಿಯ ಕಡೆಯಿಂದ ಹೊರಟು, ಬಾಗಿ, ಕಾಲ್ಬೆರಳಿನ ಕಡೆ ಬಂದು ಕೊಕ್ಕಿನಂತೆ ತಿರುಗಿ ನಿಂತಿತು.

“ಯವ್ವಾ! ನೀ ಕೊಯ್ತೀ?”

“ಇಲ್ಲ, ಆರತಿ ಬೆಳಗಾಕತ್ತೇನಿ. ಕಣ್ಣ ಕಾಣೂದಿಲ್ಲೇನ? ಮೊದ್ಲ ಬಾಗಲಾ ಹಾಕ.”

ಸತ್ತೆವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. “ಸಿಕ್ಕಬಿದ್ಯಲ್ಲ ಸುಂದ್ರಿ. ಬೆಕ್ಕ ಕಣ್ಣ ಮುಚ್ಚಿ ಹಾಲ ಕುಡದಂಗ ಆತ ನಮ್ಮ ಬಾಳೇವು.”

ಹೆಂಗಸು ರಂಪಿಗಿ ಮುಟ್ಟಬಾರದು. ಅದು ಓಣಿಯ ಕಟ್ಟು. ಹೆಣೆಯಲಿ, ಹೊಲಿಯಲಿ, ಎಣ್ಣೆ ತಿಕ್ಕಲಿ, ತಲೆಯ ಮೇಲೆ ಹೊತ್ತು ಸಂತೆಗೆ ಒಯ್ಯಲಿ, ಅದಕ್ಕೆಲ್ಲ ಯಾವ ದೇವರ ತಕರಾರೂ ಇರಲಿಲ್ಲ. ಕೊಯ್ಯುವ ಅಲಗು ಮಾತ್ರ ಗಂಡಸಿನದು. ಹೆಂಡತಿ ಮುಟ್ಟಿದರೆ ಗಂಡನ ಕೈ ಬಿದ್ದುಹೋಗುತ್ತದೆ ಎಂದು ಹಿರಿಯರು ಹೇಳಿಟ್ಟಿದ್ದರು. ಹೇಳಿಟ್ಟವರೆಲ್ಲ ಗಂಡಸರೇ ಎಂಬುದನ್ನು ಯಾರೂ ಎಣಿಸಿ ನೋಡಿರಲಿಲ್ಲ.

“ಅಪ್ಪನ ಕೈ...” ಸಪನಾ ತಡವರಿಸಿದಳು.

“ನಿಮ್ಮಪ್ಪನ ಬೆರಳಿಗೆ ಜೋಮ ಬಂದ ನಾಕ ವರ್ಷಾತು. ಕೈ ಬಿದ್ದ ಮ್ಯಾಲ ನಾ ಮುಟ್ಟೇನಿ, ಮುಟ್ಟಿದ ಮ್ಯಾಲ ಬಿದ್ದಿಲ್ಲ. ಆ ಲೆಕ್ಕಾ ಬರೋಬರ ಇಟ್ಕೋ.”

“ಅಂವಗ ಗೊತ್ತೈತಿ?”

“ಒಂದ ಮನ್ಯಾಗ ಇರತೇವಿ, ಗೊತ್ತಾಗೂದಿಲ್ಲೇನ? ಮಾತಾಡಿಲ್ಲ ಅಷ್ಟ. ಮುಂಜಾನೆ ಮಣಿ ಮ್ಯಾಲ ಕೊಯ್ದ ಕಿವಿ ಇರತಾವ, ಅಂವಾ ತಗೊಂಡ ಹೊರಗ ಹೊಲ್ಯಾಕ ಕುಂದರತಾನ.”

“ನಂದೂ ಹಂಗ” ಎಂದಳು ಲಕ್ಕವ್ವ. “ರಿಕ್ಷಾ ಹೊಡಿಯಾಂವ ತೊಗಲ ಕೊಯ್ತಾನ? ನಿಮ್ಮವ್ವನ ಕಡೆ ತರತೇನಿ. ನಾ ಹೆಣದ ಕೊಡತೇನಿ, ಆಕಿ ಕೊಯ್ದ ಕೊಡತಾಳ.”

“ಯಾರ ಕಲಿಸಿದ್ರವ್ವಾ ನಿನಗ?”

“ಯಾರ ಕಲಸ್ತಾರ? ಮೂವತ್ತ ವರ್ಷ ನಿಮ್ಮಪ್ಪನ ಎದರಿಗಿ ಕುಂತ ಹೆಣದೇನಿ. ಮುಖಾ ನೋಡೂಕಿಂತ ಕೈ ನೋಡಿದ್ದ ಹೆಚ್ಚ.”

ಎದುರಿಗೆ ಕೂತು. ಸಪನಾ ಮಣೆಯ ಈಚೆ ಕೂತು ನೋಡಿದಳು, ಎದ್ದು ಆಚೆ ಹೋಗಿ ಕೂತು ನೋಡಿದಳು. ಅವನು ಅತ್ತಣಿಂದ ಇತ್ತ ಎಳೆದದ್ದು ಎದುರು ಕೂತವಳ ಕಣ್ಣಿಗೆ ಇತ್ತಣಿಂದ ಅತ್ತ. ಕನ್ನಡಿಯಲ್ಲಿ ಕಲಿತ ಹಾಗೆ ಕಲಿತಿದ್ದಳು ಅವ್ವ. ಅವನ ಕೊಯ್ತ ಮುಗಿಯುವಲ್ಲಿ ಇವಳದು ಶುರು. ಯಾವ ಗುರುವೂ ಹೇಳಿಕೊಡದ ಆ ಉಲ್ಟಾ ಕೈಯನ್ನು ಎಂಟು ಹಿಂಡುಗಳು ಎಂಟು ಕಡೆಯಿಂದ ಹಾರಿಬಂದು ಗುರುತು ಹಿಡಿದಿದ್ದವು.

“ಕಂಪ್ಯೂಟರ್ ತೊಂಬತ್ತೂ ಒಂದ ಕೈಯ್ಯಾಂವು ಅಂತೈತಿ” ಎಂದಳು ಸಪನಾ.

ಸುಂದ್ರವ್ವನ ರಂಪಿಗಿ ನಿಂತಿತು. “ತೊಂಬತ್ತೂ?”

“ತೊಂಬತ್ತೂ.”

“ಯಾರ ಹೇಳಿಕೊಟ್ರ ಅದಕ್ಕ?”

“ಯಾರೂ ಇಲ್ಲ. ನಾ ಬ್ಯಾರೇನ ಹೇಳಿದ್ನಿ. ನಂಬಲಿಲ್ಲ ಅದು.”

ಸುಂದ್ರವ್ವ ತಲೆ ಬಗ್ಗಿಸಿ ಹೊಸ ತುಂಡನ್ನು ಮಣೆಗೆ ಎಳೆದುಕೊಂಡಳು. ಕಿವಿಯ ಬುಡದವರೆಗೆ ಅವಳ ಮುಖ ಕೆಂಪಗಾಗಿತ್ತು. ಬೈಗುಳಕ್ಕೋ ಹೊಗಳಿಕೆಗೋ ಸಪನಾಗೆ ತಿಳಿಯಲಿಲ್ಲ.

“ನಿನ್ನ ಹೆಸರ ಬರೀತೇನಿ.”

“ಏನೂ ಬ್ಯಾಡ” ಸುಂದ್ರವ್ವ ಅಷ್ಟೇ ಬಿರುಸಾಗಿ ಅಂದಳು. “ಹೆಸರ ತಗೊಂಡ ಏನ ಮಾಡ್ಲಿ, ಕೊರಳಾಗ ಕಟಗೊಳ್ಲಿ? ಸತ್ತೆವ್ವನ ಕಾರ್ಡ ಸತ್ತಾಂವನ ಹೆಸರಿಲೆ ಐತಿ. ಆರೂ ಮನಿ ಕಾರ್ಡ ಕಸಗೊಂಡ ಹೋದ್ರ ನೀ ತೊಗಲ ಕೊಡ್ತಿ? ನಿಮ್ಮಪ್ಪಗ ಮಾಸ್ಟರ್ ಅಂತ ಕರ್ಯಾಕ ಬರಾಕತ್ತಾರ. ಅಂವಾ ಮೊನ್ನೆ ಅಂಗಿ ಇಸ್ತ್ರಿಗಿ ಕೊಟ್ಟಾನ.”

ಸತ್ತೆವ್ವನ ನಗು ಆರಿಹೋಗಿತ್ತು. ಅವಳು ಸಪನಾಳ ಕೈ ಹಿಡಿದಳು, ಬಿಡಲಿಲ್ಲ. ಹಿಡಿದದ್ದು ಬೇಡ ಎನ್ನಲಿಕ್ಕೋ, ಬರಿ ಎನ್ನಲಿಕ್ಕೋ.

ಸೋಮವಾರ ಬಾಳಾಸಾಬ ಸರ್ ಲ್ಯಾಬಿನಲ್ಲಿ ಅವಳಿಗಿಂತ ಮೊದಲೇ ಇದ್ದರು. “ವಿಚಾರ ಮಾಡೇನಿ ನಾ. ‘ಎಷ್ಟ ಕೈ ಅದಾವ’ ಅಂತ ಅದನ್ನ ಯಾಕ ಕೇಳ್ತಿ? ಹನ್ನೆರಡ ಅದಾವ ಅಂತ ನೀನ ಹೇಳಿಬಿಡ. ಅಷ್ಟೂ ಹುಡಿಕ್ಯಾಡ್ಲಿ.”

ಹೇಳಬೇಕೆಂದು ಬಸ್ಸಿನುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನು ಅವಳು ಪಕ್ಕಕ್ಕಿಟ್ಟಳು. ಹನ್ನೆರಡು ಎಂದು ಬರೆದು ಹಿಂಡುಗಳನ್ನು ಬಿಟ್ಟಳು. ಎಂಟು ಯಂತ್ರಗಳ ಪಂಖಗಳು ಜೋರಾಗಿ ತಿರುಗಿದವು. ನಲವತ್ತು ನಿಮಿಷಕ್ಕೆ ಉತ್ತರ ಬಂತು. ಹನ್ನೆರಡು. ಹೇಳಿದಷ್ಟು ಮಾಡುವ ಜಾಣತನ ಯಂತ್ರಕ್ಕೂ ಬೇಗ ಬರುತ್ತದೆ.

ಬೇರೆಯವರ ಆರು ಕೈಗಳು ಅಲ್ಲಾಡಿರಲಿಲ್ಲ. ಒಡೆದದ್ದು ಕೈ 3 ಒಂದೇ, ಅದು ಆರು ಹೋಳಾಗಿತ್ತು. ಆದರೆ ಅವು ಆ ಆರು ಮನೆಗಳೂ ಅಲ್ಲ. ಒಂದೊಂದು ಹೋಳಿನಲ್ಲೂ ಎಲ್ಲ ಮನೆಗಳ ಕಿವಿಗಳು ಕಲಸಿದ್ದವು. ಸಪನಾ ಗೊಂದಲಕ್ಕೆ ಬಿದ್ದು, ಡಬ್ಬಿಯಿಂದ ತೊಗಲಿನ ತುಂಡುಗಳನ್ನೇ ತೆಗೆದು ಮೇಜಿನ ಮೇಲೆ ಆರು ಗುಂಪು ಮಾಡಿ ಬೆನ್ನ ಮೇಲಿನ ತಾರೀಖು ಓದಿದಳು. ಒಂದು ಗುಂಪು ಪೂರ್ತಿ ಶ್ರಾವಣದ ಎರಡನೆಯ ವಾರದ್ದು. ಆ ವಾರ ಅವ್ವನಿಗೆ ಜ್ವರ ಬಂದು ಕೀಲುಗಳೆಲ್ಲ ಬಾತಿದ್ದವು. ಫೋನಿನಲ್ಲಿ ‘ಆರಾಮ ಅದೀನಿ’ ಎಂದಿದ್ದಳು, ಸಪನಾಗೆ ತಿಳಿದದ್ದು ಆಮೇಲೆ. ಇನ್ನೊಂದು ಗುಂಪಿನ ತುಂಡುಗಳೆಲ್ಲ ಅಂಚಿನಲ್ಲಿ ಒರಟು, ಅವಸರದವು. ಯಾರೋ ಗಂಡಸು ಮನೆಗೆ ಬರುವ ಹೊತ್ತಾಗಿರಬೇಕು. ಮೂರನೆಯ ಗುಂಪು ಎಷ್ಟು ನಯವಾಗಿತ್ತೆಂದರೆ ಅಂದು ಅವ್ವ ಖುಷಿಯಲ್ಲಿದ್ದಳೋ ಏನೋ. ಉಳಿದ ಮೂರರ ಕಾರಣ ಅವಳಿಗೆ ಹೊಳೆಯಲಿಲ್ಲ. ಅವಳು ಹಾಸ್ಟೆಲಿನಲ್ಲಿದ್ದಾಗ ಕಳೆದ ದಿನಗಳು ಅವು.

ಆರು ಗಂಡಸರ ಹೆಸರಿಗೆ ಜಾಗ ಮಾಡಿಕೊಡಲು ಒಬ್ಬ ಹೆಂಗಸನ್ನು ಆರು ತುಂಡು ಮಾಡಿದ್ದಳು ಅವಳು.

“ಬಂತಲ್ಲ ಹನ್ನೆರಡ!” ಸರ್ ಕೈ ಉಜ್ಜಿದರು. “ಹೆಸರ ಹಚ್ಚಿ ಪ್ರಿಂಟ್ ಹೊಡಿ.”

“ಸರ್, ಇವು ಆರ ಮಂದೀವು ಅಲ್ರಿ. ಒಬ್ಬಾಕಿವು. ನಮ್ಮವ್ವನ್ವು.”

ಹೇಳಿದಳು. ಎದುರು ಕೂತು ಕಲಿತದ್ದು, ಕೊಕ್ಕು, ಜೋಮು. ಕಾರ್ಡುಗಳ ಮಾತು ಮಾತ್ರ ನುಂಗಿಕೊಂಡಳು. ಸರ್ ಬೈಯುತ್ತಾರೆ ಎಂದುಕೊಂಡಿದ್ದಳು. ಅವರ ಮುಖ ಅರಳಿತು.

“ಅಂದ್ರ ಪ್ರೋಗ್ರಾಮ್ ಬರೋಬರ ಇತ್ತು! ಚೀಟಿ ಸುಳ್ಳ, ಹಿಂಡ ಖರೆ. ಯವ್ವಾ, ಇದ ದೊಡ್ಡ ಪೇಪರ್ ಆಗ್ತೈತಿ. ಹೈದರಾಬಾದ ಕಾನ್ಫರೆನ್ಸಿಗೆ ಕಳಸೂಣು. ಏಳಂತನ ಇಡ.”

“ಮನಿ ಹೆಸರ ಕಾಲಂ ತಗದ ಬಿಡ್ತೇನ್ರಿ. ಕೈ ಅಷ್ಟ ಇರ್ಲಿ. ಯಾವ ಮಾಲ ಯಾರ ಮನೀದು ಅಂತ ಬೆಂಗಳೂರಿಗೆ ಯಾಕ?”

“ತಗಿ, ತಗಿ. ಕೈ 1, ಕೈ 2, ಕೈ 3. ಅಷ್ಟ ಸಾಕ.”

“ಕೈಗೆ ಹೆಸರ ಬರೀತೇನ್ರಿ ಸರ್.”

“ಹೆಸರ ಯಾಕವಾ? ಪೇಪರಿನ್ಯಾಗ ಹೆಸರ ಇರೂದಿಲ್ಲ.”

“ನಿಮ್ಮ ಹೆಸರ ಇರತೈತೆಲ್ರಿ?”

“ನಾ ಗೈಡ್. ಗೈಡ್ ಹೆಸರ ಇರಬೇಕಾಗ್ತೈತಿ.” ಸರ್ ಕನ್ನಡಕ ತೆಗೆದರು. ಮಾತು ತಣ್ಣಗಾಯಿತು, ಸಿಟ್ಟೇನೂ ಇರಲಿಲ್ಲ. “ಕೇಳ ಇಲ್ಲಿ. ಪೇಪರ್ ಬ್ಯಾರೆ, ಬೆಂಗಳೂರಿನ ರಿಪೋರ್ಟ್ ಬ್ಯಾರೆ. ರಿಪೋರ್ಟಿನ್ಯಾಗ ನಿಮ್ಮವ್ವನ ಹೆಸರ ಬರದ್ರ ನಿಮ್ಮಪ್ಪಂದ ಹೋತು. ಆಕಿ ಹೆಸರಿಲೆ ಕಾರ್ಡ ಇಲ್ಲ. ಕಾರ್ಡ ಇಲ್ಲದಾಕಿನ್ನ ಅವ್ರ ಮಾಸ್ಟರ್ ಮಾಡಾಂಗಿಲ್ಲ. ಎರಡೂ ಕಳಕೋತಿ. ನಾ ನಿನ್ನ ಒಳ್ಳೇದಕ್ಕ ಹೇಳಾಕತ್ತೇನಿ.”

ಅವರು ಒಳ್ಳೆಯದಕ್ಕೇ ಹೇಳುತ್ತಿದ್ದರು, ತಾಪತ್ರಯ ಅದೇ. ಸಪನಾ ಖಾಲಿ ಕಾಲಮ್ಮಿನ ಮುಂದೆ ಕೂತಳು. ಅಪ್ಪನ ಇಸ್ತ್ರಿ ಅಂಗಿ ಕಣ್ಣ ಮುಂದೆ ಬಂತು. ಬೇಡ ಎಂದ ಅವ್ವನ ದನಿ ಬಂತು. ಅದಕ್ಕೂ ಮೊದಲು ‘ತೊಂಬತ್ತೂ?’ ಎಂದು ಕೇಳಿದ ದನಿ ಬಂತು. ಎರಡೂ ಒಬ್ಬಳದೇ ದನಿ, ಯಾವುದನ್ನು ನಂಬಬೇಕು? ಹೆಸರು ಕೊಡುವುದು ನ್ಯಾಯವೋ, ಬೇಡ ಎಂದವಳ ಮೇಲೆ ಹೇರುವುದು ಅನ್ಯಾಯವೋ? ಇಷ್ಟು ವರ್ಷ ಓದಿದ ಓದಿನಲ್ಲಿ ಇದಕ್ಕೊಂದು ಸೂತ್ರ ಇರಲಿಲ್ಲ.

ಐದಕ್ಕೆ ಹತ್ತು ನಿಮಿಷ ಇತ್ತು. ಗೌಸಸಾಬ ಕೀಲಿಗೊಂಚಲು ಹಿಡಿದು ಬಾಗಿಲಲ್ಲಿ ನಿಂತು, “ಬರಿಯೂದ ಇದ್ರ ಬರಿ ಬೇಟಿ, ಇಲ್ಲಂದ್ರ ಬಂದ ಮಾಡ. ನಿನ್ನ ಕುಂಡಿಕಿಂತ ಕುರ್ಚಿ ದಣದೈತಿ” ಎಂದ.

ಅವಳು ಬರೆದಳು. ಏಳು ಹೆಸರು. ಮೂರನೆಯದು ಸುಂದ್ರವ್ವ. ಸರ್ ಎರಡು ಸಲ ಓದಿ, ನಿಟ್ಟುಸಿರು ಬಿಟ್ಟು, ಕೆಳಗೆ ತಮ್ಮ ಸಹಿ ಹಾಕಿದರು.

ಬುಧವಾರ ಮನೆಗೆ ಹೋಗಿ ಅಪ್ಪನಿಗೆ ಹೇಳಿದಳು. ನಾಮದೇವ ರೊಟ್ಟಿ ಮುರಿಯುತ್ತಿದ್ದವನು ಮುರಿಯುತ್ತಲೇ ಇದ್ದ. ಗಂಗಾಳ ಬರಿದಾದ ಮೇಲೆ ಕೈ ತೊಳೆದ.

“ನಿಮ್ಮವ್ವ ನನ್ನ ಕೈಯಾಗಿಂದ ರಂಪಿಗಿ ಕಸಗೊಂಡಿರಲಿಲ್ಲ” ಎಂದ. “ನೀ ಕಸಗೊಂಡಿ.”

ಸುಂದ್ರವ್ವ ಒಲೆಯ ಮುಂದೆ ಬೆನ್ನು ಹಾಕಿ ಕೂತಿದ್ದಳು. ಮಗಳ ಕಡೆ ತಿರುಗಲಿಲ್ಲ, ಗಂಡನ ಕಡೆಯೂ ತಿರುಗಲಿಲ್ಲ.

ಗುರುವಾರ ಹನ್ನೊಂದಕ್ಕೆ ಬಿಳಿ ಕಾರು ಬಂತು. ಓಣಿಯೊಳಗೆ ಬರಲಾಗದೆ ಬಾಯಲ್ಲೇ ನಿಂತಿತು. ಇಬ್ಬರು ಅಧಿಕಾರಿಗಳು, ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಬಾಳಾಸಾಬ ಸರ್. ನಾಮದೇವನ ಅಂಗಳದಲ್ಲಿ ಯಾರದೋ ಮನೆಯಿಂದ ತಂದ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಓಣಿಯ ಗಂಡಸರು ಒಂದು ಗೋಡೆಗೆ, ಹೆಂಗಸರು ಇನ್ನೊಂದು ಗೋಡೆಗೆ ನಿಂತರು. ನಾಮದೇವ ಇಸ್ತ್ರಿ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿಕೊಂಡು, ಮನೆಯ ಗೋಡೆಯ ಪಕ್ಕಕ್ಕೆ ನಿಂತಿದ್ದ.

ಅಧಿಕಾರಿ ಹಾಳೆ ತಿರುವಿದ. “ಪತ್ರದಲ್ಲಿ ನಾಮದೇವ ಅಂತ ಇದೆ, ರಿಪೋರ್ಟಲ್ಲಿ ಸುಂದ್ರವ್ವ ಅಂತ ಇದೆ. ಯಾರು ಇವರು?”

ಒಂದು ಕೋಳಿ ಕುರ್ಚಿಯ ಕೆಳಗೆ ನುಗ್ಗಿ ಹೊರಗೆ ಬಂತು. ಸತ್ತೆವ್ವ ಪಕ್ಕದವಳ ತೋಳು ತಿವಿದಳು. ಸುಂದ್ರವ್ವ ಸೆರಗು ಸರಿಮಾಡಿಕೊಂಡು ನಾಲ್ಕು ಹೆಜ್ಜೆ ಮುಂದೆ ಬಂದಳು.

“ನಾನ್ರಿ.”

“ಕಾರ್ಡ್ ಇದೆಯೇನಮ್ಮ?”

“ಇಲ್ರಿ.”

ಅಧಿಕಾರಿಗಳು ಮುಖ ಮುಖ ನೋಡಿಕೊಂಡರು. ಬಾಳಾಸಾಬ ಸರ್ ನೆಲ ನೋಡುತ್ತಿದ್ದರು. ಹೆಂಗಸು ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ ತೆಗೆದು, “ಬಂದಿದ್ದೀವಲ್ಲ, ನೋಡೋಣ. ಒಂದು ಕಟ್ ಮಾಡಿ ತೋರಿಸ್ತೀರಾ? ಇಲ್ಲೇ” ಎಂದರು.

ಲಕ್ಕವ್ವ ಮಣೆ ತಂದಿಟ್ಟಳು, ಸತ್ತೆವ್ವ ತೊಗಲು. ಸುಂದ್ರವ್ವ ಕುರ್ಚಿಗಳಿಗೆ ಎದುರಾಗಿ ಕೂತು ರಂಪಿಗಿ ಹಿಡಿದಳು. ಗಂಡಸರ ಗೋಡೆಯಲ್ಲಿ ಯಾರೋ ಕೆಮ್ಮಿದರು. ಅಲಗು ತೊಗಲಿಗೆ ತಾಗಿ ಹಾಗೇ ನಿಂತಿತು. ಇಡೀ ಓಣಿ ನೋಡುತ್ತಿತ್ತು. ಅವಳ ಮಣಿಕಟ್ಟು ಏಳಲೊಲ್ಲದು. ಸಪನಾಗೆ ತಾನೇ ಹೋಗಿ ಆ ಕೈ ಹಿಡಿಯಬೇಕೆನಿಸಿತು, ಓಡಿಹೋಗಬೇಕೆಂದೂ ಅನಿಸಿತು. ಎರಡೂ ಆಗಲಿಲ್ಲ.

ಸುಂದ್ರವ್ವ ಎದ್ದಳು. ಮಣೆ ಎತ್ತಿಕೊಂಡು ಮನೆಯ ಗೋಡೆಯ ಹತ್ತಿರ ಹೋಗಿ, ಒಳಮನೆಯ ಬಾಗಿಲು ಹಾಕಿಕೊಂಡವಳ ಹಾಗೆ ಎಲ್ಲರಿಗೂ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂತಳು.

“ಅಮ್ಮಾ, ಈ ಕಡೆ ತಿರುಗಿ. ನಮಗೆ ಕಾಣ್ಬೇಕಲ್ಲ” ಎಂದ ಅಧಿಕಾರಿ.

ಅವಳು ತಿರುಗಲಿಲ್ಲ.

ನಾಮದೇವ ಅಲ್ಲೇ ಅವಳ ಪಕ್ಕಕ್ಕೆ ನಿಂತಿದ್ದ. ಅವನ ನೆರಳು ಮಣೆಯ ಮೇಲೆ ಬಿದ್ದಿತ್ತು. ಸುಂದ್ರವ್ವ ತಲೆ ಎತ್ತಲಿಲ್ಲ, ತೊಗಲನ್ನು ಒಮ್ಮೆ ಸವರಿದಳು, ಕಾದಳು. ನಾಮದೇವ ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ನೆರಳು ಅರ್ಧ ಸರಿಯಿತು. ಇನ್ನೊಂದು ಹೆಜ್ಜೆ ಇಟ್ಟ. ತೊಗಲಿನ ಮೇಲೆ ಬಿಸಿಲು ಬಿತ್ತು. ಅವನು ನಿಲ್ಲಲಿಲ್ಲ, ಹಾಗೇ ಹಿಂದೆ ಹಿಂದೆ ಹೋಗಿ ಹೆಂಗಸರು ನಿಂತಿದ್ದ ಗೋಡೆಗೆ ಬೆನ್ನು ತಾಗಿಸಿದ.

ಹಿಮ್ಮಡಿಯ ಕಡೆಯಿಂದ ಅಲಗು ಇಳಿಯಿತು.